ಕಬ್ಬಿನ ಸಾಹೇಬರು ಕತೆಗಾರರಾದದ್ದು

ನನ್ನ ಮೊಮ್ಮಗಳು ರಕ್ಷಿತಾಗೆ ಕಬ್ಬಿನ ಫಾರಮ್ಮಿನಲ್ಲಿ ಕೆಲಸದ ಆರ್ಡರು ಬಂದ ದಿನ ಕ್ಯಾತನಹಳ್ಳಿಯ ನಮ್ಮ ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಸಕ್ಕರೆ ಹಂಚಿಬಿಟ್ಟೆ. ಎದುರುಮನೆಯವರಿಗೆ ಎರಡು ಸಲ ಕೊಟ್ಟಿದ್ದೆನಂತೆ. "ಅತ್ತೆ, ಬೆಳಿಗ್ಗೇನೇ ಕೊಟ್ಟೋದ್ರಲ್ಲ" ಅಂದಳು ಅವರ ಸೊಸೆ. "ಇರ್ಲಿ ತಗ ಕಣವ್ವ, ಬೆಳಿಗ್ಗೆ ಕೊಟ್ಟಿದ್ದು ಆರ್ಡ್ರಿಗೆ, ಇದು ನನ್ನ ಕುಸಾಲಿಗೆ" ಅಂದೆ.

ಅದೇ ಫಾರಮ್ಮಿನಲ್ಲಿ ನಾನು ತಲೆಗೂದಲು ಕಪ್ಪಿದ್ದಾಗ ಸೇರಿ ಬೆಳ್ಳಗಾದ ಮೇಲೆ ಹೊರಗೆ ಬಂದವಳು. ನಾನು ಕೂಲಿಯವಳಾಗಿ ಹೋದೆ, ಅವಳು ಡಿಪ್ಲೊಮಾ ಓದಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ಹೋಗುತ್ತಿದ್ದಾಳೆ. ನನ್ನ ಮಚ್ಚು ಇಟ್ಟ ಗೂಡಿನ ಪಕ್ಕದಲ್ಲೇ ಅವಳ ಮೇಜು ಇರುತ್ತದಂತೆ. ಇದನ್ನು ನೆನೆಸಿಕೊಂಡರೆ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತೇನೆ, ಮಗ ಬಂದು ಏನವ್ವಾ ಅಂತಾನೆ.

ಅವಳ ಜೊತೆ ಸೇರುತ್ತಿರುವ ಹುಡುಗ ಹುಡುಗಿಯರು ಒಂದು ಭಾನುವಾರ ನಮ್ಮ ಜಗಲಿಗೆ ಬಂದು ಕೂತರು. "ಅಜ್ಜಿ, ಅಲ್ಲಿ ಕೆಲಸ ನಿಜವಾಗ್ಲೂ ಹೆಂಗಿರ್ತದೆ ಬರ್ದುಕೊಡಿ" ಅಂದರು. ನಾಲ್ಕನೇ ಕ್ಲಾಸು ಓದಿದವಳು ನಾನೇನು ಬರೀಲಿ ಅಂದೆ. "ಮಾತಾಡ್ತೀಯಲ್ಲ, ಅಂಗೇ ಬರಿ" ಅಂದಳು ರಕ್ಷಿತಾ. ನನಗೆ ನಗು ಬಂತು. ಬಹಳ ಹಿಂದೆ ಇದೇ ಮಾತನ್ನು ನಾನು ಒಬ್ಬ ದೊಡ್ಡ ವಿಜ್ಞಾನಿಗೆ ಹೇಳಿದ್ದೆ. ಅವರ ಕತೆಯೇ ನನ್ನ ಕೆಲಸದ ಕತೆಯೂ ಹೌದು. ಯಾವಾಗ ಪರ್ಮನೆಂಟ್ ಆಯಿತು, ಯಾವಾಗ ಸಂಬಳ ಏರಿತು ಅನ್ನೋದೆಲ್ಲ ಆಫೀಸಿನ ಕಡತದಲ್ಲಿದೆ, ಅದನ್ನು ಬಿಟ್ಟುಬಿಡುತ್ತೇನೆ.

ಕಬ್ಬಿನ ಫಾರಂ ಅಂದರೆ ರಸ್ತೆಯಲ್ಲಿ ಹೋಗುವವರಿಗೆ ಒಂದು ದೊಡ್ಡ ಗದ್ದೆ. ಒಳಗೆ ಹೋದರೆ ಗೊತ್ತಾಗೋದು, ಒಂದು ಸಾಲಿನಂತೆ ಇನ್ನೊಂದು ಸಾಲಿಲ್ಲ. ಕಬ್ಬಿಗೂ ಹೂ ಬಿಡುತ್ತದೆ, ಹೂವಿನಲ್ಲಿ ಬೀಜ ಇರುತ್ತದೆ, ಹಿಂಜಿದ ಹತ್ತಿಯ ಧೂಳಿನಷ್ಟು ಹಗುರ. ಅದನ್ನು ತಟ್ಟೆಯ ಮಣ್ಣಿಗೆ ಉದುರಿಸಿದರೆ ಗರಿಕೆಯಂತೆ ಏಳುತ್ತದೆ. ಅದರಲ್ಲಿ ಒಂದೊಂದು ಎಳೆಯೂ ಒಂದೊಂದು ಹೊಸ ಕಬ್ಬು. ಒಂದು ಉದ್ದ ಬೆಳೆಯುತ್ತದೆ, ಒಂದು ಮಲಗಿಬಿಡುತ್ತದೆ, ಒಂದು ಸಿಹಿ, ಒಂದು ಚಪ್ಪೆ. ಅವಕ್ಕೆ ಹೆಸರಿಲ್ಲ, ನಂಬರು. ವರ್ಷಗಟ್ಟಲೆ ನೆಟ್ಟು, ಕಡಿದು, ತೂಗಿ, ಹಿಂಡಿ ನೋಡಿದ ಮೇಲೆ ರೈತರ ಕೈಗೆ ಹೋಗೋದು ಒಂದೋ ಎರಡೋ. ಮಿಕ್ಕಿದ್ದೆಲ್ಲ ಆಲೆಮನೆಗೋ ದನಕ್ಕೋ. ಮಕ್ಕಳೇ, ಈ ಕೆಲಸದಲ್ಲಿ ನೀವು ಬೆಳೆಸಿದ್ದರಲ್ಲಿ ಬಹುಪಾಲು ಎಸೆಯೋದಕ್ಕೇ ಬೆಳೆಸೋದು. ಅದಕ್ಕೆ ಬೇಜಾರು ಮಾಡ್ಕೊಳ್ಳೋರು ಇಲ್ಲಿ ಬಾಳಲ್ಲ.

ನಮ್ಮ ಹೆಂಗಸರ ಕೆಲಸ ಹೆಚ್ಚಾಗಿ ರವದಿ ಸುಲಿಯೋದು, ಅಂದರೆ ಜಲ್ಲೆಗೆ ಅಂಟಿಕೊಂಡ ಒಣಗರಿ ತೆಗೆಯೋದು. ಕಬ್ಬಿನ ಗರಿ ಬ್ಲೇಡಿದ್ದಂಗೆ. ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡು, ಮುಖಕ್ಕೆ ಟವಲು ಸುತ್ತಿಕೊಂಡು ಸಾಲಿಗೆ ನುಗ್ಗಿದರೆ ನಮ್ಮನ್ನು ಹೆತ್ತವರೂ ಗುರುತು ಹಿಡಿಯುತ್ತಿರಲಿಲ್ಲ. ಒಳಗೆ ಗಾಳಿಯಿಲ್ಲ. ಬೆವರು ಇಳಿದು ಗೀರಿದ ಕಡೆಯೆಲ್ಲ ಚುರಚುರ ಅನ್ನುತ್ತದೆ. ಆ ಹೊತ್ತಿಗೆ ನಮಗೆ ಬೇಕಾಗಿದ್ದುದು ಒಂದೇ, ಗಂಟೆ.

ಆ ಗಂಟೆ ನಮ್ಮಪ್ಪ ಮಾಡಿದ್ದು. ನಮ್ಮಪ್ಪ ಕ್ಯಾತನಹಳ್ಳಿಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದರು, ಫಾರಮ್ಮಿನ ಮಚ್ಚು ಗುದ್ದಲಿಗೆಲ್ಲ ಅವರದೇ ಸಾಣೆ. ಯಾವುದೋ ಗುಜರಿಯಲ್ಲಿ ಸಿಕ್ಕಿದ ರೈಲುಕಂಬಿಯ ತುಂಡಿಗೆ ತೂತು ಕೊರೆದು ಹೊಂಗೆಮರಕ್ಕೆ ನೇತುಹಾಕಿದ್ದರು. ಕಬ್ಬಿಣದ ಸರಳಲ್ಲಿ ಹೊಡೆದರೆ ಫಾರಮ್ಮಿನ ಕೊನೆ ಬದುವಿನ ತನಕ ಕೇಳುತ್ತದೆ. ಹೊಡೆಯುವವನು ಕಾಳೇಗೌಡ, ವಾಚ್‌ಮನ್ನು. ನನಗಿಂತ ಚಿಕ್ಕವನು, ಅವನಪ್ಪನ ಕೆಲಸಕ್ಕೆ ಬಂದವನು. ಗಂಟೆಯ ವಿಷಯದಲ್ಲಿ ಅವನು ಹೆಂಡತಿ ಮಾತನ್ನೂ ಕೇಳೋನಲ್ಲ. ಜ್ವರ ಬಂದರೂ ಗಂಟೆ, ಜಡಿಮಳೆ ಬಂದರೂ ಗಂಟೆ. ಮಂತ್ರಿಗಳೊಬ್ಬರು ಫಾರಂ ನೋಡಲು ಬಂದು ಭಾಷಣ ಮಾಡುತ್ತಿದ್ದಾಗ ಊಟದ ಹೊತ್ತಾಯಿತು ಅಂತ ಹೊಡೆದೇಬಿಟ್ಟ. ನಾವೆಲ್ಲ ಎದ್ದೇಬಿಟ್ಟೆವು. ಬೈದಿದ್ದಕ್ಕೆ, "ಭಾಸ್ಣ ಇನ್ನೊಂದಿನ ಮಾಡ್ಬೋದು ಸಾ, ಮುದ್ದೆ ಆರೋದ್ರೆ ಏನ್ ಮಾಡಾದು" ಅಂದ.

ಇಂಥ ಜಾಗಕ್ಕೆ ಸುದರ್ಶನ ಸಾಹೇಬರು ಬಂದರು.

ಅವರ ಅಜ್ಜಿಯ ಊರು ನಾಗಮಂಗಲದ ಹತ್ತಿರ. ಅಪ್ಪನಿಗೆ ರೈಲ್ವೆ ಕೆಲಸವಾದ್ದರಿಂದ ಬೆಳೆದದ್ದೆಲ್ಲ ಉತ್ತರದ ಕಡೆ. ಓದಿದ್ದೆಲ್ಲ ಇಂಗ್ಲಿಷು, ಆಟವಾಡಿದ್ದು ಹಿಂದಿ. ಕನ್ನಡ ಅಂದರೆ ಬೇಸಿಗೆ ರಜದಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ್ದಷ್ಟೇ. ಆಮೇಲೆ ಪುಸ್ತಕ ಇಟ್ಟುಕೊಂಡು ಕಲಿತರಂತೆ. ಅದಕ್ಕೇ ಅವರ ಮಾತು ಒಂದು ಕಾಲಿಗೆ ಬೂಟು, ಒಂದು ಕಾಲು ಬರಿಗಾಲು ಅನ್ನೋ ಹಂಗಿತ್ತು. "ತಾವು ಈ ಸಾಲಿನ ಪರ್ಣಗಳನ್ನು ಪರಿಶೀಲಿಸಿ" ಅನ್ನುವರು, ಮರುಕ್ಷಣ ಹಾವು ಕಂಡರೆ "ಅಯ್ಯೋ ನನ್ನವ್ವ" ಅನ್ನುವರು. ಆ ಎರಡನೆಯದು ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಕೆಲಸದಲ್ಲಿ ಮಾತ್ರ ಹುಲಿ. ಕಬ್ಬಿನ ಒಂದು ಗರಿ ನೋಡಿ ಬೇರಿಗೆ ಏನಾಗಿದೆ ಅಂತ ಹೇಳುವರು, ಅಗೆದು ನೋಡಿದರೆ ಹಾಗೇ ಇರುತ್ತಿತ್ತು. ಅವರು ಬರುವ ಮುಂಚೆ ನಾವು ಸಿಹಿ ನೋಡುತ್ತಿದ್ದುದು ಹಲ್ಲಲ್ಲಿ. ಅವರು ಒಂದು ಕೈಯಂತ್ರ ತಂದರು, ಜಲ್ಲೆಗೆ ಚುಚ್ಚಿ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಸಿಹಿ ಎಷ್ಟಿದೆ ಅಂತ ಕಾಣುತ್ತದೆ. ನನ್ನ ಗೆಳತಿ ಸಾಕಮ್ಮ, ಬಾಯಿ ಅಂದರೆ ಬಾಯಿ ಅವಳದು, ಅದರಲ್ಲಿ ಕಣ್ಣಿಟ್ಟು, "ಸಾ, ಇದ್ರಲ್ಲಿ ನಮ್ಮತ್ತೆ ಎಷ್ಟು ಸಿಹಿ ಅವ್ಳೆ ನೋಡ್ಬೋದಾ" ಅಂದಿದ್ದಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಬದುವಿನ ಮೇಲೆ ಕೂತು ನಕ್ಕರು.

ಅವರಿಗೊಂದು ಆಸೆಯಿತ್ತು. ಕಬ್ಬಿನ ವಿಷಯವನ್ನೆಲ್ಲ ಕನ್ನಡದಲ್ಲಿ ಬರೆಯಬೇಕು, ಬರೆದದ್ದು ನಮ್ಮಂಥವರು ಕೂತು ಕೇಳುವಂತಿರಬೇಕು. ಮೊದಲ ಸಲ ಬರೆದುಕೊಂಡು ಹೊಂಗೆಮರದ ಕೆಳಗೆ ನಮ್ಮನ್ನೆಲ್ಲ ಕೂರಿಸಿ ಓದಿದರು. ಕಬ್ಬಿನ ಉಗಮ, ಅದರ ಪ್ರಭೇದ, ಅಂತ ಏನೇನೋ. ನಾವು ದೇವಸ್ಥಾನದಲ್ಲಿ ಮಂತ್ರ ಕೇಳುವಂತೆ ಕೈಕಟ್ಟಿ ಕೂತಿದ್ದೆವು. ಅಷ್ಟರಲ್ಲಿ ಕಾಳೇಗೌಡ ಕಂಬಿಗೆ ಹೊಡೆದ. ಸಾಹೇಬರು ಒಂದು ವಾಕ್ಯದ ನಡುವೆ ಇದ್ದರು. ನಾವೆಲ್ಲ ಒಟ್ಟಿಗೆ ಎದ್ದು ಸೀರೆ ಕೊಡವಿಕೊಂಡೆವು.

"ಅರ್ಥವಾಯಿತೇ?" ಅಂತ ಕೇಳಿದರು ಪಾಪ.

"ಭಾಳ ಚೆನ್ನಾಗಿತ್ತು ಸಾ" ಅಂದಳು ಸಾಕಮ್ಮ. "ಕಣ್ಣು ಎಳೀತಿತ್ತು."

ಅವರು ಹಾಳೆ ಮಡಚಿಕೊಂಡರು. ಬೇಸರ ಮಾಡಿಕೊಳ್ಳಲಿಲ್ಲ. "ನಾನು ಓದುತ್ತಾ ಇರುವಾಗ ಗಂಟೆ ಹೊಡೆದರೂ ನೀವು ಏಳಬಾರದು, ಅಂಥದ್ದೊಂದು ಬರೆಯುತ್ತೇನೆ. ಅದನ್ನು ಬರೆಯುವವರೆಗೆ ನಾನು ಬರಹಗಾರ ಅಲ್ಲ" ಅಂದರು.

"ಗಂಟೆ ಒಡ್ದ್ಮೇಲೆ ಏಳ್ದಿರೋ ಜನ ಈ ಫಾರಮ್ಮಲ್ಲಿ ಉಟ್ಟಿಲ್ಲ ಸಾ" ಅಂದ ಕಾಳೇಗೌಡ, ಸರಳನ್ನು ಗೋಡೆಗೆ ಒರಗಿಸುತ್ತಾ.

ಅವತ್ತು ಶುರುವಾದದ್ದು ಈ ಪಂದ್ಯ. ನನ್ನ ಸರ್ವೀಸಿನ ಉದ್ದಕ್ಕೂ ನಡೆಯಿತು.

ಈಗ ಸಂಕ್ರಾಂತಿಯ ಕತೆ ಹೇಳಬೇಕು. ನಿಮಗೆಲ್ಲ ಕೆಲಸಕ್ಕೆ ಸೇರಿದ ಮೇಲೆ ಇದನ್ನು ನೂರು ಸಲ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಥರ. ನಡೆದದ್ದು ಹೀಗೆ.

ಫಾರಮ್ಮಿನ ಅಂಚಿನ ಸಾಲಿನ ಕಬ್ಬನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ, ಅದಕ್ಕೆ ಬಿಸಿಲು ಗಾಳಿ ಹೆಚ್ಚು ಸಿಗುತ್ತದಾದ್ದರಿಂದ ಸುಳ್ಳು ದಪ್ಪ ಆಗುತ್ತದೆ. ಆ ಸಾಲನ್ನು ಸಂಕ್ರಾಂತಿಯ ಹಿಂದಿನ ದಿನ ಕಡಿದು ಊರಿನ ಮನೆಮನೆಗೆ ಎಳ್ಳುಬೆಲ್ಲದ ಜೊತೆ ಬೀರೋದಕ್ಕೆ ಕೊಡೋದು ಅಲ್ಲಿನ ಪದ್ಧತಿ. ಯಾರೂ ಹೇಳಬೇಕಾಗಿಲ್ಲ, ಯಾರೂ ಕೇಳಬೇಕಾಗಿಲ್ಲ. ಆ ವರ್ಷ ಮೂಲೆಯ ತಾಕಿನಲ್ಲಿ ನೀರು ನಿಲ್ಲುತ್ತದೆ ಅಂತ ಸುದರ್ಶನ ಸಾಹೇಬರು ತಮ್ಮ ಮುಖ್ಯವಾದ ಕಬ್ಬನ್ನು ಅಂಚಿಗೆ ತಂದು ನೆಡಿಸಿದ್ದರು, ಅದಕ್ಕೆ ಆಚೆ ಕಾವಲಿಗೆ ಬರೀ ಜೋಳ ಹಾಕಿಸಿದ್ದರು. ಜೋಳ ಮೊದಲೇ ಕಟಾವಾಗಿತ್ತು. ಕಬ್ಬು ಕಡಿಯಬಾರದು ಅಂತ ಆಫೀಸಿನ ಬೋರ್ಡಿಗೆ ಸೂಚನೆಯನ್ನೂ ಅಂಟಿಸಿದ್ದರು. ಪ್ರಾಯೋಗಿಕ ತಳಿ, ಕಟಾವು ನಿರ್ಬಂಧಿಸಲಾಗಿದೆ, ಅಂತ. ಬೋರ್ಡಿನ ಮುಂದೆಯೇ ನಿಂತು ಮಚ್ಚು ಮಸೆದುಕೊಂಡು ಹೋಗಿ ಕಡಿದೆವು. ಕಾಳೇಗೌಡ ಹೊರೆ ಕಟ್ಟಿದ, ನಾವು ಹೊತ್ತೆವು. ಎಂಥ ಕಬ್ಬು ಅಂತೀರಿ, ಈ ವರ್ಷ ಅಂಚಿನ ಸಾಲು ದೇವರು ಕೊಟ್ಟಂಗೆ ಬಂದದೆ ಅಂತ ಮಾತಾಡಿಕೊಂಡು ಹಂಚಿದೆವು.

ಹಬ್ಬದ ದಿನ ಬೆಳಿಗ್ಗೆ ಸಾಹೇಬರು ತಾಕಿಗೆ ಬಂದರೆ ಬರೀ ಬುಡ.

ಕಬ್ಬಿನ ಜಾತಿ ಹೋಗಲಿಲ್ಲ, ಕಡಿದ ಬುಡದಿಂದ ಕೂಳೆ ಚಿಗುರುತ್ತದೆ. ಹೋದದ್ದು ಆ ವರ್ಷದ ತೂಕ, ಆ ವರ್ಷದ ಸಿಹಿ. ಅದನ್ನು ಅಳೆಯೋದಕ್ಕೇ ಅಲ್ಲವೆ ವರ್ಷವೆಲ್ಲ ಕಾದದ್ದು. ಕಾಳೇಗೌಡ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. "ಬೋರ್ಡಲ್ಲಿ ಆಕಿದ್ದೆನಲ್ಲ" ಅಂದರು ಸಾಹೇಬರು ಮೆಲ್ಲಗೆ. ಆತುರದಲ್ಲಿ ಅವರಿಗೇ ಗೊತ್ತಿಲ್ಲದೆ ನಮ್ಮ ಮಾತು ಬಂದಿತ್ತು. ಸಾಕಮ್ಮ ಮುಂದೆ ಬಂದು, "ಬೋರ್ಡಿಗೆ ಹೇಳ್ದ್ರಿ ಸಾ, ನಮಗ್ ಹೇಳ್ನಿಲ್ಲ" ಅಂದಳು.

ಅವರು ಅವಳ ಮುಖವನ್ನೇ ನೋಡಿದರು. ಆಮೇಲೆ ಕೈಚೀಲಕ್ಕೆ ಆ ಯಂತ್ರ ಹಾಕಿಕೊಂಡು, "ನಡೀರಿ, ತಿಂದವರನ್ನೇ ಕೇಳೋಣ" ಅಂದರು.

ಸಂಕ್ರಾಂತಿಯ ದಿನ, ಎಲ್ಲರೂ ಹೊಸಬಟ್ಟೆ ಹಾಕಿಕೊಂಡು, ದನ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿರುವಾಗ, ಒಬ್ಬ ವಿಜ್ಞಾನಿ ಮನೆಮನೆ ಬಾಗಿಲಲ್ಲಿ ನಿಂತು ಕಬ್ಬು ಹೇಗಿತ್ತು ಅಂತ ಕೇಳಿದ್ದನ್ನು ನೀವು ಎಲ್ಲೂ ಕಾಣಲಾರಿರಿ. ಜಲ್ಲೆ ಉಳಿದಿದ್ದರೆ ಚುಚ್ಚಿ ನೋಡೋಣ ಅಂತ ಅವರ ಆಸೆ. ಉಳಿದಿರಲಿಲ್ಲ. ಮಾತು ಮಾತ್ರ ಸಿಕ್ಕಿತು.

"ಈ ಕಬ್ಬಾ, ಗಿಣ್ಣು ಕಡಿಯೋಕೆ ಓಗಿ ನನ್ನ ಹಲ್ಲೇ ಅಲ್ಲಾಡ್ಬುಡ್ತು. ಆದ್ರೆ ಬುಡಾಕ್ ಮನ್ಸಾಗ್ನಿಲ್ಲ."

"ತುದಿ ತನಕ ಸಿಹಿ ಕಣ್ ಬುದ್ಧಿ. ಬೇರೆ ಕಬ್ಬು ತುದಿಗೆ ಬತ್ತಾ ಬತ್ತಾ ಅಳಿಯನ ಮುಖ ಆಗ್ಬುಡ್ತದೆ."

"ನಮ್ಮ ಎಮ್ಮೆ ಸಿಪ್ಪೆ ತಿಂದು ಇನ್ನೂ ತತ್ತಾ ಅಂತ ಗೊಂತಿನ ಅಗ್ಗ ಎಳೀತಾ ಅದೆ, ಅದನ್ನೇ ಕೇಳಿ."

ಸಾಹೇಬರು ನಿಂತಲ್ಲೇ ಬರೆದುಕೊಂಡರು, ಒಂದು ಮಾತನ್ನೂ ತಿದ್ದದೆ. ಮೊದಲ ಮನೆಯಲ್ಲಿ ಬೆವೆತಿದ್ದ ಮುಖ ಬೀದಿಯ ಕೊನೆಗೆ ಬರುವಷ್ಟರಲ್ಲಿ ಅರಳಿತ್ತು. ಕೊನೆಯದು ಕೆಂಪಜ್ಜಿಯ ಮನೆ. ಆ ಮುದುಕಿಗೆ ಬಾಯಲ್ಲಿ ಒಂದು ಹಲ್ಲಿಲ್ಲ. "ನಿನಗೆ ಕೊಟ್ಟ ಕಬ್ಬು ಏನು ಮಾಡಿದೆ ಅಜ್ಜಿ" ಅಂದರು. ಒಂದು ಜಲ್ಲೆಯನ್ನು ಚೂರು ಮಾಡಿ ಎಲೆಅಡಿಕೆ ಕುಟ್ಟಾಣಿಯಲ್ಲಿ ಕುಟ್ಟಿ ಬಟ್ಟೆಯಲ್ಲಿ ಹಿಂಡಿಕೊಂಡು ಕುಡಿದೆ ಅಂದಳು. ಆಮೇಲೆ ಎದ್ದು ಒಳಗೆ ಹೋಗಿ ದೇವರ ಗೂಡಿನ ಪಕ್ಕ ಒರಗಿಸಿದ್ದ ಇನ್ನೊಂದು ಇಡೀ ಜಲ್ಲೆ ತಂದಳು, ಗರಿಸಮೇತ.

"ಇದು ನಿಂಗೇ ಕನಪ್ಪ ಮಡಗಿದ್ದು. ಊರಿಗೆಲ್ಲ ಬೀರುದ್ರು, ಒಂಟಿ ಆಳು ನೀನು, ನಿನ್ ಕ್ವಾಟ್ರಸ್ ಕಡೆ ಯಾರೂ ಬರ್ನಿಲ್ಲ ಅಂದ್ರು. ಅಬ್ಬದ ದಿನ ಬರೀ ಬಾಯಲ್ಲಿ ಇರಬಾರ್ದು ಕೂಸೇ" ಅಂದು ಅವರ ಕೈಗೆ ಎಳ್ಳುಬೆಲ್ಲ ಹಾಕಿದಳು.

ಅವರದೇ ಕಬ್ಬು, ಅವರ ಕೈಗೇ ಹಬ್ಬದ ಪಾಲು. ಯಂತ್ರ ಚುಚ್ಚಿ ಹನಿ ತೆಗೆದು ನೋಡಿದರು. ನನಗೂ ತೋರಿಸಿದರು. ಅಷ್ಟು ಸಿಹಿಯನ್ನು ಆ ಗಾಜಿನಲ್ಲಿ ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಒಂದು ಜಲ್ಲೆಯ ಲೆಕ್ಕ ವಿಜ್ಞಾನಕ್ಕೆ ಸಾಲದು, ಮುಂದಿನ ವರ್ಷ ಕೂಳೆಯಲ್ಲಿ ಮತ್ತೆ ನೋಡಬೇಕು ಅಂದರು. ನೋಡಿದರು. ಅದು ಕೈಬಿಡಲಿಲ್ಲ. ಇವತ್ತು ಅದಕ್ಕೊಂದು ದೊಡ್ಡ ನಂಬರಿದೆ, ನಮ್ಮ ಸೀಮೆಯ ರೈತರು ಮಾತ್ರ ಕೆಂಪಜ್ಜಿ ಕಬ್ಬು ಅಂತಾರೆ.

ಹಬ್ಬ ಕಳೆದ ಮೇಲೆ ಅವರು ಬರೆದುಕೊಂಡದ್ದನ್ನು ಹೊಂಗೆಮರದ ಕೆಳಗೆ ಓದಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಳಿಯನ ಮುಖ ಅಂದವಳು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಗಂಟೆ ಹೊಡೆಯಿತು, ಎದ್ದೆವು, ಏಳದೆ ಇರೋದಕ್ಕಾಗಲ್ಲ. ಆದರೆ ಸಾಕಮ್ಮ ಹೋಗುತ್ತಾ ತಿರುಗಿ, "ನಾ ಕೈ ತೊಳ್ಕ ಬರೋಗಂಟ ಮುಂದುಕ್ ಓದ್ಬ್ಯಾಡಿ ಸಾ" ಅಂದಳು. ಸಾಹೇಬರ ಮುಖ ನೀವು ನೋಡಬೇಕಿತ್ತು.

ಫಾರಮ್ಮಿಗೆಲ್ಲ ಮೇಲಧಿಕಾರಿಯಾದ ದೊಡ್ಡ ಸಾಹೇಬರಿಗೆ ಇದು ಹಿಡಿಸಲಿಲ್ಲ. ಕೆಟ್ಟವರಲ್ಲ ಅವರು, ಫಾರಮ್ಮಿಗೆ ಕೊಳವೆಬಾವಿ ತರಿಸಿದವರು, ನಮಗೆ ನೆರಳಿಗೆ ಶೆಡ್ಡು ಹಾಕಿಸಿದವರು. ಆದರೆ ಹೇಳಿಯೇಬಿಟ್ಟರು, ನಾನು ಅಲ್ಲೇ ನೀರಿನ ಬಿಂದಿಗೆ ಇಡುತ್ತಿದ್ದೆ. "ನೋಡಿ ಸುದರ್ಶನ್, ಇದೇ ಹೊತ್ತನ್ನು ಇಂಗ್ಲಿಷಿನ ಪೇಪರ್ ಬರೆಯೋಕೆ ಕೊಟ್ಟಿದ್ದರೆ ಇಷ್ಟೊತ್ತಿಗೆ ನನ್ನ ಕುರ್ಚಿ ನಿಮ್ಮದಾಗಿರೋದು. ಎಮ್ಮೆ ಹೇಳಿದ್ದನ್ನೆಲ್ಲ ಬರ್ಕೊಂಡು ಯಾರು ಉದ್ಧಾರ ಆಗ್ತಾರೆ?"

"ಇಂಗ್ಲಿಷಲ್ಲಿ ಬರೀತಾನೇ ಇದೀನಿ ಸಾರ್. ಅದು ಬೇರೆ ದೇಶದಲ್ಲಿ ಓದ್ತಾರೆ. ಕೆ.ಆರ್.ಪೇಟೇಲಿ ಯಾರೂ ಓದಲ್ಲ" ಅಂದರು ಇವರು.

ಕೆ.ಆರ್.ಪೇಟೆಯ ಮಾತು ಸುಮ್ಮನೆ ಬಂದದ್ದಲ್ಲ. ಆ ಕಡೆಯ ಒಂದು ಊರಿನಲ್ಲಿ ಕಬ್ಬಿಗೆ ಕೆಂಪುಕೊಳೆ ಬಿದ್ದಿತ್ತು. ಹೊರಗೆ ಹಸಿರಾಗೇ ಇದ್ದು ಒಳಗೆ ಕೊಳೆಯುವ ರೋಗ. ನಾನೂ ಜೀಪಿನಲ್ಲಿ ಹೋಗಿದ್ದೆ, ಜಲ್ಲೆ ಸೀಳೋದಕ್ಕೆ. ಆ ರೈತ ಅದೇ ಹೊಲದ ಕಬ್ಬನ್ನು ಬಿತ್ತನೆಗೆ ಇಟ್ಟುಕೊಂಡಿದ್ದ, ನೆಂಟರಿಗೂ ಕೊಡುವವನಿದ್ದ. ಅದನ್ನು ಸುಟ್ಟುಬಿಡು ಅಂತ ಎಷ್ಟು ಜನ ಬಂದು ಹೇಳಿದ್ದರೋ, ಕರಪತ್ರ ಕೊಟ್ಟು ಹೋಗಿದ್ದರೋ, ಅವನು ಜಗ್ಗಿರಲಿಲ್ಲ. "ಕಣ್ಣಿಗೆ ಕಾಣೋಂಗೆ ದಷ್ಟಪುಷ್ಟವಾಗದೆ, ಸುಡು ಅಂತೀರಲ್ಲ, ನಿಮ್ಮನೇದಾ?"

ಸುದರ್ಶನ ಸಾಹೇಬರು ನನ್ನ ಕೈಯಲ್ಲಿ ಒಂದು ಜಲ್ಲೆ ಸೀಳಿಸಿ ಅವನ ಮೂಗಿನ ಹತ್ತಿರ ಹಿಡಿದರು. "ಏನ್ ವಾಸ್ನೆ ಗೌಡ್ರೆ?"

ಅವನು ಮೂಸಿದ, ಮುಖ ಹಿಂದೆ ಎಳೆದುಕೊಂಡ. "ಎಂಡ ಇದ್ದಂಗದೆ."

"ಆಚೆಗೆ ಬಿಳೀ ಪಂಚೆ ಉಟ್ಕಂಡು, ಒಳಗೊಳಗೇ ಕುಡ್ದು ಕೂತದೆ ಇದು. ಇಂಥ ಗಂಡಿಗೆ ನಿಮ್ ನೆಂಟರ ಮನೇಲಿ ಸಂಬಂಧ ಕುದುರಿಸ್ತೀರಾ?"

ಸುತ್ತ ನಿಂತ ಜನ ಹೋ ಅಂತ ನಕ್ಕರು. ಅವನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ ಅವನೇ ಬೆಂಕಿ ಇಟ್ಟ. ಬರುವ ದಾರಿಯಲ್ಲಿ ಪಾಂಡವಪುರ ದಾಟಿದ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, "ಚಿಕ್ಕತಾಯಮ್ಮ, ಆ ಮಾತು ನಾನು ಯೋಚನೆ ಮಾಡಿ ಹೇಳಲಿಲ್ಲ, ತಾನೇ ಬಂತು" ಅಂದರು, ಕಳೆದುಹೋದ ದನ ಕೊಟ್ಟಿಗೆಗೆ ತಾನಾಗೇ ಬಂದಂಗೆ.

ಆದರೆ ಬಾಯಿಗೆ ಬಂದದ್ದು ಕಾಗದಕ್ಕೆ ಇಳಿಯಲಿಲ್ಲ ಇನ್ನೂ. ಅವರ ಮೊದಲ ಪುಸ್ತಕ ಶ್ರೀರಂಗಪಟ್ಟಣದ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಲ್ಲಿ ಕರಡು ತಿದ್ದುವ ಮೇಷ್ಟರೊಬ್ಬರು ಇದು ಗ್ರಾಮ್ಯ, ಪುಸ್ತಕ ಅಂದಮೇಲೆ ಶುದ್ಧವಾಗಿರಬೇಕು ಅಂತ ಎಲ್ಲ ಸರಿ ಮಾಡಿದರು. ಇವರೂ ಅಂಜಿ ಒಪ್ಪಿಕೊಂಡರು. ಹೊಸ ಪುಸ್ತಕದ ಘಮಲಿನ ಸಮೇತ ತಂದು ಮರದ ಕೆಳಗೆ ಓದಿದರು. ನಾವು ಮತ್ತೆ ಕೈಕಟ್ಟಿ ಕೂತೆವು. ಗಂಟೆ ಹೊಡೆಯುವ ಮೊದಲೇ ಒಬ್ಬಿಬ್ಬರು ಸೊಪ್ಪು ಕೀಳೋದಕ್ಕೆ ಎದ್ದುಹೋದರು.

"ನಮ್ಮ ಮಾತಿಗೆ ಇಸ್ತ್ರಿ ಹಾಕ್ಬುಟ್ಟವ್ರೆ ಕಣಮ್ಮಿ" ಅಂತ ಸಾಕಮ್ಮ ನನ್ನ ಕಿವಿಯಲ್ಲಿ ಅಂದದ್ದು ಅವರಿಗೆ ಕೇಳಿಸಿತು.

ಅವತ್ತು ಸಂಜೆ ಹೊತ್ತು ಮುಳುಗುವ ಮುಂಚೆ ನಾನು ಮಚ್ಚು ತೊಳೆದಿಡಲು ಹೋದಾಗ ತೊಟ್ಟಿಯ ಕಟ್ಟೆ ಮೇಲೆ ಸಾಹೇಬರು ಒಬ್ಬರೇ ಕೂತಿದ್ದರು. ಇನ್ನು ಬರೆಯೋದಿಲ್ಲ ಅಂದರು. ಚಿಕ್ಕವರಿದ್ದಾಗ ಶಾಲೆಯಲ್ಲಿ ಅಜ್ಜಿಯ ಮಾತು ಬಾಯಿಗೆ ಬಂದು ಹುಡುಗರೆಲ್ಲ ನಕ್ಕಿದ್ದರಂತೆ. ಆವತ್ತಿನಿಂದ ಅಜ್ಜಿ ಫೋನಿನಲ್ಲಿ ಕೂಸೇ ಅಂದರೆ ಇವರು ಹೂಂ ಅನ್ನುತ್ತಿದ್ದರಂತೆ, ಅಷ್ಟೇ. ಅಜ್ಜಿ ಹೋದಮೇಲೆ ಆ ಮಾತಾಡುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. "ಆ ಹೂಂಗೆ ಮುಂದಿನ ಮಾತು ಬರೀಬೇಕು ಅಂತಿದ್ದೆ. ಆಗ್ತಾ ಇಲ್ಲ" ಅಂದರು.

ನನಗೆ ಪುಸ್ತಕದ ವಿಷಯ ಏನು ಗೊತ್ತು. "ಆ ಕೆ.ಆರ್.ಪೇಟೆ ಗೌಡಂಗೆ ಮಾತಾಡಿದ್ರಲ್ಲ, ಅಂಗೇ ಬರೀರಿ ಸಾ. ಮೇಷ್ಟ್ರಿಗೆ ತೋರುಸ್ಬೇಡಿ" ಅಂದೆ.

ಅವರು ಬರೆಯೋದು ಬಿಡಲಿಲ್ಲ. ಬಿಟ್ಟದ್ದು ಕೆಲಸ. ರಿಟೈರಾಗೋದಕ್ಕೆ ಇನ್ನೂ ವರ್ಷಗಳಿರುವಾಗಲೇ ರಾಜೀನಾಮೆ ಕೊಟ್ಟು ನಾಗಮಂಗಲದ ಕಡೆ ಅಜ್ಜಿಯ ಊರಿಗೆ ಹೋದರು. ಎಲ್ಲರೂ ತಲೆ ಕೆಟ್ಟಿದೆ ಅಂದರು. "ಕಬ್ಬು ನೋಡ್ಕೊಳ್ಳೋಕೆ ಇಷ್ಟು ಜನ ಇದೀರಿ, ಈ ಮಾತು ನೋಡ್ಕೊಳ್ಳೋಕೆ ಯಾರವ್ರೆ" ಅಂದು ನಗುತ್ತಾ ಬಸ್ಸು ಹತ್ತಿದರು. ಅಲ್ಲಿ ತೆಂಗಿನಮರದ ಕೆಳಗೆ ಕೂತು ಹುಳದ ಕತೆ, ಮಣ್ಣಿನ ಕತೆ, ಇರುವೆ ಮಳೆ ಹೇಗೆ ತಿಳಿಯುತ್ತದೆ ಅನ್ನೋದು, ಎಲ್ಲ ಬರೆದರು. ಪತ್ರಿಕೆಗಳಲ್ಲಿ ಬಂತು. ಪ್ರಶಸ್ತಿಯೂ ಬಂತಂತೆ. ಆದರೆ ಸಂಕ್ರಾಂತಿಯ ಕತೆಯನ್ನು ಮಾತ್ರ ಅಚ್ಚಿಗೆ ಕೊಡಲಿಲ್ಲ. ಅದು ಹೊಂಗೆಮರದ ಕೆಳಗೆ ಪಾಸಾಗಬೇಕು ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಬಂದು ಓದುವರು, ಗಂಟೆ ಹೊಡೆಯುವುದು, ನಾವು ಏಳುವೆವು, ಅವರು ಹಾಳೆ ಮಡಚಿಕೊಂಡು ನಾಗಮಂಗಲದ ಬಸ್ಸು ಹಿಡಿಯುವರು. "ಓದಿ ಸಾ, ನಿಲ್ಲುಸ್ಬೇಡಿ" ಅಂತ ನಾವು ಎಷ್ಟೋ ಸಲ ಅಂದದ್ದುಂಟು. "ಎದ್ದಿರಲ್ಲ, ಇನ್ನೂ ಆಗಿಲ್ಲ" ಅನ್ನುವರು.

ಇಷ್ಟರೊಳಗೆ ಫಾರಮ್ಮೇ ಬದಲಾಯಿತು. ಕಬ್ಬಿನ ಉದ್ದ ತುಂಡು ಹೂಳೋ ಕಾಲ ಹೋಗಿ ಒಂದೇ ಗಿಣ್ಣಿನ ಮೊಳಕೆಯಿಂದ ಎದ್ದ ಒಂಟಿಕಣ್ಣಿನ ಸಸಿಯನ್ನು ಪ್ಲಾಸ್ಟಿಕ್ ಟ್ರೇನಲ್ಲಿ ಬೆಳೆಸಿ ನೆಡುವ ಕಾಲ ಬಂತು. ಕೈಯಂತ್ರ ಹೋಗಿ ನಂಬರು ತಾನೇ ತೋರಿಸುವ ಯಂತ್ರ ಬಂತು. ಈಗ ಮೇಲೆ ಡ್ರೋನು ಹಾರಿಸಿ ಕಬ್ಬು ಎಣಿಸುತ್ತಾರಂತೆ. ನಾನು ಅವನ್ನು ಬಯ್ಯೋದಿಲ್ಲ ಮಕ್ಕಳೇ. ಗರಿಯಲ್ಲಿ ಗೀರಿಸಿಕೊಂಡವಳಿಗೆ ಗೊತ್ತು ಡ್ರೋನಿನ ಸುಖ. ನಿಮಗೆ ಹೇಳೋದು ಇಷ್ಟೇ, ಏನೇ ಹೊಸದು ತಂದರೂ ಬೋರ್ಡಿಗೆ ಹೇಳಿ ಸುಮ್ಮನಾಗಬೇಡಿ. ಸಾಲಿನಲ್ಲಿ ಇರುವವರಿಗೆ ಹೇಳಿ, ಅವರು ತಿರುಗಿ ಒಂದು ತಮಾಷೆ ಮಾಡುವ ತನಕ ಹೇಳಿ. ತಮಾಷೆ ಮಾಡಿದರು ಅಂದರೆ ತಿಳಿಯಿತು ಅಂತ ಅರ್ಥ.

ಇಷ್ಟು ಬರೆಯುವಷ್ಟರಲ್ಲಿ ರಕ್ಷಿತಾ ಕೆಲಸಕ್ಕೆ ಸೇರಿಯೂಬಿಟ್ಟಳು, ಮೊನ್ನೆ ಅವಳ ಮೊದಲ ವಾರ. ಸುದರ್ಶನ ಸಾಹೇಬರು ಬರುತ್ತಾರೆ ಅಂತ ಗೊತ್ತಾಗಿ ನಾನೂ ಸಾಕಮ್ಮನೂ ಆಟೋ ಮಾಡಿಕೊಂಡು ಫಾರಮ್ಮಿಗೆ ಹೋದೆವು. ಕೂದಲೆಲ್ಲ ಹಣ್ಣಾಗಿದೆ ಅವರಿಗೆ. ಗಂಟಲು ಕೆಟ್ಟು ದನಿ ಏಳುತ್ತಿರಲಿಲ್ಲ. "ಈ ಸಲ ನಾನು ಓದೋಕಾಗಲ್ಲ" ಅಂತ ಪಿಸುಗುಟ್ಟಿ ಸುತ್ತ ನೋಡಿದರು. ನಾನು ರಕ್ಷಿತಾಳನ್ನು ಮುಂದೆ ತಳ್ಳಿದೆ. "ನನ್ ಮೊಮ್ಮಗಳು ಸಾ. ಇಲ್ಲೇ ಟೆಕ್ನಿಕಲ್ಲು. ನಾಟಕದಲ್ಲಿ ಪ್ರೈಜ್ ತಗಂಡವ್ಳೆ" ಅಂದೆ. ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು, ಹಾಳೆ ಮಾತ್ರ ತೆಗೆದುಕೊಂಡಳು.

ಈಗಿನ ಹೆಂಗಸರು, ನಾವು ಇಬ್ಬರು ಮುದುಕಿಯರು, ಹೊಸ ಹುಡುಗ ಹುಡುಗಿಯರು, ಎಲ್ಲ ಹೊಂಗೆಮರದ ಕೆಳಗೆ ಕೂತೆವು. ರಕ್ಷಿತಾ ಓದಿದಳು. ಇಸ್ತ್ರಿ ಎಲ್ಲೂ ಇರಲಿಲ್ಲ. ಮಚ್ಚು ಮಸೆಯುವ ಸದ್ದು ಇತ್ತು, ಹೊರೆಯ ಭಾರ ಇತ್ತು, ಬೋರ್ಡಿಗೆ ಹೇಳ್ದ್ರಿ ನಮಗ್ ಹೇಳ್ನಿಲ್ಲ ಅನ್ನೋ ಮಾತು ಹಾಗೇ ಇತ್ತು, ಸಾಕಮ್ಮ ನನ್ನ ತೊಡೆ ಚಿವುಟಿದಳು. ನನ್ನ ಮೊಮ್ಮಗಳ ಬಾಯಲ್ಲಿ ಎಮ್ಮೆ ಹಗ್ಗ ಎಳೆಯಿತು, ಅಳಿಯನ ಮುಖ ಬಂತು, ಆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಅವರ ಕಣ್ಣು ಆಗಾಗ ಮರಕ್ಕೆ ನೇತಾಡುವ ಕಂಬಿಯ ಕಡೆ ಹೋಗುತ್ತಿತ್ತು. ಕತೆ ಬೀದಿಯ ಕೊನೆಗೆ ಬಂತು, ಕೆಂಪಜ್ಜಿಯ ಬಾಗಿಲಿಗೆ ಬಂತು. ಇನ್ನೇನು ಹೊಡೆಯುತ್ತದೆ ಅಂತ ನಾನೂ ಕಾದೆ.

ಸಾಕಮ್ಮನ ಹೊಟ್ಟೆ ಗುರ್ ಅಂತು. ಅವಳು ಸೂರ್ಯನ ಕಡೆ ನೋಡಿದಳು, ನೆರಳು ನೋಡಿದಳು, ಆಮೇಲೆ ಹಿಂದೆ ತಿರುಗಿದಳು. ನಾನೂ ತಿರುಗಿದೆ.

ಎಲ್ಲರ ಹಿಂದೆ, ಬರುವ ವರ್ಷ ರಿಟೈರಾಗುವ ಕಾಳೇಗೌಡ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದ. ಕಬ್ಬಿಣದ ಸರಳು ಅವನ ತೊಡೆಯ ಮೇಲಿತ್ತು.

"ಅಲ್ಲ ಕಣ್ಲಾ ಕಾಳ, ಊಟದೊತ್ತು ಮೀರ್ತು. ಗಂಟೆ ಎಲ್ಲಿ?" ಅಂದಳು ಸಾಕಮ್ಮ.

ಅವನು ಸರಳನ್ನು ನೋಡಿದ. ಯಾವಾಗ ಕೈಗೆ ಬಂತೋ ಅನ್ನುವಂತೆ ನೋಡಿದ. ಆ ಹೊರೆ ಕಟ್ಟಿದವನು ಅವನೇ, ಆ ಬೀದಿಯಲ್ಲಿ ಸಾಹೇಬರ ಹಿಂದೆ ನಡೆದವನು ಅವನೇ.

"ಸುಮ್ಕಿರವ್ವ ಅತ್ಲಾಗೆ" ಅಂದ. "ಆ ಮುದುಕಿ ಕಬ್ಬು ಏನಾಯ್ತು ಹೇಳ್ಲಿ, ಆಮೇಲ್ ಒಡೀತೀನಿ."